ಗೋಡೆಯೊಳಗಿನ ಕೆಲಸ ಅವರಿಗೆ, ಬೀಗದ ಕೈ ನಿಮಗೆ: ಹೋಮ್ ಆಟೊಮೇಷನ್ ಹಾಕಿಸುವವರಿಗೆ

ಹೋಮ್ ಆಟೊಮೇಷನ್, ಅಂದರೆ ಮನೆಯ ಲೈಟು, ಫ್ಯಾನು, ಪರದೆ ತಾವಾಗಿ ನಡೆಯುವ ಏರ್ಪಾಡು, ಹಾಕಿಸಬೇಕು ಅಂದುಕೊಂಡವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. ಇನ್‌ಸ್ಟಾಲರ್‌ಗೆ ಕೊಟ್ಟುಬಿಡೋಣವಾ, ಇಲ್ಲಾ ನಾವೇ ಮಾಡಿಕೊಳ್ಳೋಣವಾ? ನಾನು ತಿರುಗಿ ಇನ್ನೊಂದು ಕೇಳುತ್ತೇನೆ. ಮೆಟ್ಟಿಲ ಲೈಟು ಈಗ ಎರಡು ನಿಮಿಷಕ್ಕೆ ಆರುತ್ತದೆ ಅಂದುಕೊಳ್ಳಿ. ಮುಂದಿನ ವರ್ಷ ಮನೆಯಲ್ಲಿ ಯಾರಿಗೋ ಮೊಣಕಾಲು ನೋವು ಶುರುವಾಗುತ್ತದೆ. ಹತ್ತಲು ಹೊತ್ತು ಜಾಸ್ತಿ ಬೇಕು. ಆಗ ಆ ಎರಡು ನಿಮಿಷವನ್ನು ಐದು ಮಾಡುವವರು ಯಾರು? ನೀವಾ, ಅಥವಾ ಫೋನ್ ಮಾಡಿ ಕರೆಸಬೇಕಾದ ಇನ್ಯಾರೋ?

ಇದಕ್ಕೆ ಉತ್ತರ ಸಿಕ್ಕರೆ ಉಳಿದ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ನನ್ನ ಹೊಟ್ಟೆಪಾಡು ಕಾರ್ಖಾನೆಯ ಕಂಟ್ರೋಲ್ ಪ್ಯಾನಲ್‌ಗಳು. ಪಿಎಲ್‌ಸಿ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್), ರಿಲೇ (ಸಣ್ಣ ಸಂಕೇತದಿಂದ ಹತ್ತಿ ಆರುವ ಸ್ವಿಚ್), ಸೆನ್ಸರ್, ಕಾಂಟ್ಯಾಕ್ಟರ್ (ದೊಡ್ಡ ಲೋಡ್ ಹೊರುವ ರಿಲೇ) ಇವುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಅಲ್ಲಿ ಪದೇ ಪದೇ ನೋಡುವ ಸಂಗತಿ ಒಂದಿದೆ. ಯಂತ್ರ ಕೊಟ್ಟವರು ಪ್ರೋಗ್ರಾಮ್‌ಗೆ ಪಾಸ್‌ವರ್ಡ್ ಹಾಕಿ ಹೋಗಿರುತ್ತಾರೆ. ಒಂದು ಸೆನ್ಸರ್ ಕೆಡುತ್ತದೆ, ಅದೇ ಮಾಡೆಲ್ ಸಿಗುವುದಿಲ್ಲ, ಬೇರೆಯದು ಹಾಕುತ್ತೇವೆ. ಟೈಮರ್ ಸ್ವಲ್ಪ ಹೆಚ್ಚಿಸಿದರೆ ಸಾಕು, ಕೆಲಸ ಮುಂದುವರಿಯುತ್ತದೆ. ಆದರೆ ಪ್ರೋಗ್ರಾಮ್ ತೆರೆಯುವುದಿಲ್ಲ. ಲ್ಯಾಪ್‌ಟಾಪ್ ಹಿಡಿದ ಇಂಜಿನಿಯರ್ ಬರುವ ತನಕ ಎಲ್ಲರೂ ಕೈಕಟ್ಟಿ ನಿಲ್ಲಬೇಕು. ಮನೆಯ ಆಟೊಮೇಷನ್ ಇದರ ಪುಟ್ಟ ರೂಪ, ಅಷ್ಟೇ. ಅದಕ್ಕೇ ನನ್ನ ಮನೆಗೆ ಇನ್‌ಸ್ಟಾಲರ್‌ನ ಕರೆಸಿದಾಗ ಮೊದಲ ಮಾತುಕತೆಯಲ್ಲೇ ಒಂದು ಗೆರೆ ಎಳೆದೆ. ಗೋಡೆ ಒಡೆಯುವ, ಕರೆಂಟು ಮುಟ್ಟುವ ಕೆಲಸ ಅವರದು. ಯಾವಾಗ ಏನು ಆಗಬೇಕು ಅನ್ನುವ ನಿಯಮಗಳು ನನ್ನವು. ನಡುವೆ ಇರುವ ನೆಟ್‌ವರ್ಕ್, ಹಬ್ (ಸಾಧನಗಳನ್ನೆಲ್ಲ ಸೇರಿಸಿ ನಡೆಸುವ ಡಬ್ಬಿ) ಇತ್ಯಾದಿ ಯಾರು ಬೇಕಾದರೂ ಹಾಕಲಿ, ಪಾಸ್‌ವರ್ಡ್ ಮಾತ್ರ ನನ್ನ ಹತ್ತಿರ.

ಹೀಗೆ ಹಂಚುವುದಕ್ಕೆ ಕಾರಣ ಇದೆ. ವೈರಿಂಗ್ ಒಮ್ಮೆ ಸರಿಯಾಗಿ ಆದರೆ ಹತ್ತಾರು ವರ್ಷ ಅದನ್ನು ಮುಟ್ಟಬೇಕಾಗಿಲ್ಲ, ತಪ್ಪಾದರೆ ಪ್ರಾಣಕ್ಕೇ ಅಪಾಯ. ನಿಯಮಗಳು ಇದಕ್ಕೆ ಪೂರ್ತಿ ಉಲ್ಟಾ. ತಪ್ಪಾದರೆ ಒಂದು ಲೈಟು ಹೊತ್ತಲ್ಲದ ಹೊತ್ತಿನಲ್ಲಿ ಹತ್ತೀತು, ಅಷ್ಟೇ. ಆದರೆ ಅವು ಬದಲಾಗುತ್ತಲೇ ಇರುತ್ತವೆ. ಮಕ್ಕಳ ಓದಿನ ಸಮಯ ಬದಲಾಗುತ್ತದೆ, ಮಲಗುವ ಕೋಣೆ ಬದಲಾಗುತ್ತದೆ, ಮನೆಯಿಂದಲೇ ಕೆಲಸ ಶುರುವಾಗುತ್ತದೆ. ಪ್ರತಿಯೊಂದಕ್ಕೂ ಒಬ್ಬರನ್ನು ಕರೆಸಬೇಕು ಅಂದರೆ ಜನ ಕರೆಸುವುದೇ ಇಲ್ಲ. ಸುಮ್ನೆ ಹೊಂದಿಕೊಂಡು ಹೋಗುತ್ತಾರೆ. ಸ್ವಂತ ಮನೆಯಲ್ಲೇ ಬಾಡಿಗೆಗಿದ್ದ ಹಾಗೆ.

ಪ್ಲಾಸ್ಟರಿಂಗ್‌ಗೆ ಮೊದಲು

ಹೊಸ ಮನೆ ಕಟ್ಟುತ್ತಿದ್ದರೆ ಅಥವಾ ವೈರಿಂಗ್ ಪೂರ್ತಿ ಬದಲಿಸುತ್ತಿದ್ದರೆ, ಯಾವ ಕಂಪನಿಯ ಸಿಸ್ಟಮ್ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಎಲೆಕ್ಟ್ರಿಷಿಯನ್ ಜೊತೆ ಕೂತು ಕೆಲವು ವಿಷಯ ಇತ್ಯರ್ಥ ಮಾಡಿಕೊಳ್ಳಿ. ಯಾವ ಸಿಸ್ಟಮ್ ಬಂದರೂ ಇವು ಬೇಕು.

ಎಲ್ಲಕ್ಕಿಂತ ಮುಖ್ಯ ನ್ಯೂಟ್ರಲ್. ಸಾಮಾನ್ಯ ಸ್ವಿಚ್‌ಗೆ ಫೇಸ್ ಬಂದು, ಅಲ್ಲಿಂದ ಲೈಟಿಗೆ ಹೋದರೆ ಸಾಕು. ಹಾಗಾಗಿ ಎಷ್ಟೋ ಮನೆಗಳ ಸ್ವಿಚ್ ಬಾಕ್ಸ್‌ನಲ್ಲಿ ನ್ಯೂಟ್ರಲ್ ವೈರೇ ಇರುವುದಿಲ್ಲ. ಸ್ಮಾರ್ಟ್ ಸ್ವಿಚ್‌ನ ಒಳಗೆ ಸಣ್ಣ ಸರ್ಕ್ಯೂಟ್ ಇರುತ್ತದೆ. ಲೈಟು ಆರಿದ್ದಾಗಲೂ ಅದಕ್ಕೆ ಕರೆಂಟು ಬೇಕು. ನ್ಯೂಟ್ರಲ್ ಇಲ್ಲದಿದ್ದರೆ ಆ ಕರೆಂಟನ್ನು ಅದು ಲೈಟಿನ ಮೂಲಕವೇ ಎಳೆದುಕೊಳ್ಳುತ್ತದೆ. ಹಳೇ ಕಾಲದ ತಂತಿ ಬಲ್ಬಿಗೆ ಇದರಿಂದ ಏನೂ ಆಗುತ್ತಿರಲಿಲ್ಲ. ಎಲ್‌ಇಡಿಗೆ ಅಷ್ಟೇ ಸಾಕು, ಆರಿಸಿದ ಮೇಲೂ ಮಂಕಾಗಿ ಉರಿಯುತ್ತದೆ, ಇಲ್ಲವೇ ಮಿಣುಕುತ್ತದೆ. ಲೈಟಿಗೆ ಸಮಾನಾಂತರವಾಗಿ ಒಂದು ಬೈಪಾಸ್ ಕೆಪಾಸಿಟರ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಅದು ತೇಪೆ ಕೆಲಸ. ಗೋಡೆ ಇನ್ನೂ ತೆರೆದಿರುವಾಗ ಪ್ರತಿ ಬಾಕ್ಸ್‌ಗೂ ನ್ಯೂಟ್ರಲ್ ಎಳೆಸಿಬಿಡಿ.

ಎರಡನೆಯದು ಬಾಕ್ಸ್‌ನ ಆಳ. ಸ್ವಿಚ್‌ನ ಹಿಂದೆ ಕೂರುವ ರಿಲೇ ಮಾಡ್ಯೂಲ್ ಬೆಂಕಿಪೊಟ್ಟಣದಷ್ಟು ದೊಡ್ಡದಿರುತ್ತದೆ, ಜೊತೆಗೆ ವೈರ್‌ಗಳ ಗಂಟು. ಆಳವಿಲ್ಲದ ಬಾಕ್ಸ್‌ನಲ್ಲಿ ತುರುಕಿದರೆ ವೈರ್ ಸಡಿಲಾಗುತ್ತದೆ, ಬಿಸಿಯಾಗುತ್ತದೆ. ಸಿಗುವುದರಲ್ಲಿ ಅತಿ ಆಳದ ಬಾಕ್ಸ್ ಕೇಳಿ.

ಗೋಡೆಯೊಳಗೆ ವೈರ್ ಹೋಗುವ ಕಂಡ್ಯೂಟ್ ಪೈಪನ್ನು ಒಂದು ಸೈಜ್ ದೊಡ್ಡದು ಹಾಕಿಸಿ. ಟಿವಿ ಜಾಗ, ಮೇಜಿನ ಜಾಗ, ವೈ-ಫೈ ಇಡುವ ಸೂರಿನ ಜಾಗ, ಕ್ಯಾಮೆರಾ ಮೂಲೆ ಇವಕ್ಕೆಲ್ಲ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆಸಿ, ಎಲ್ಲವೂ ಒಂದೇ ಕಡೆ ಬಂದು ಸೇರಲಿ. ಪರದೆಗೆ ಮೋಟಾರ್ ಈಗ ಬೇಡ ಅನ್ನಿಸಿದರೂ ಕಿಟಕಿಯ ಮೇಲೆ ಒಂದು ಪವರ್ ಪಾಯಿಂಟ್ ಬಿಟ್ಟಿರಿ. ಆಮೇಲೆ ಪ್ಲಾಸ್ಟರಿಂಗ್‌ನ ಹಿಂದಿನ ದಿನ ಪ್ರತಿ ಗೋಡೆಯದೂ ಫೋಟೋ ತೆಗೆಯಿರಿ. ಟೇಪನ್ನು ಗೋಡೆಗೆ ಹಿಡಿದು, ನೆಲದಿಂದ ಎಷ್ಟು ಎತ್ತರ ಅಂತ ಕಾಣುವ ಹಾಗೆ. ಡ್ರಿಲ್ ಹಿಡಿದು ನಿಂತಾಗ ಈ ಫೋಟೋಗಳ ಬೆಲೆ ಗೊತ್ತಾಗುತ್ತದೆ.

ಇನ್ನು ಲೋಡ್ ವಿಚಾರ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ತಾವೇ ಮಾಡಿಕೊಳ್ಳುವವರು ಎಡವುವುದು ಇಲ್ಲೇ. ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿರುತ್ತದೆ. ಅದು ಹೀಟರ್‌ನಂಥ ಸಾದಾ ಲೋಡಿಗೆ ಹೇಳಿದ ಲೆಕ್ಕ. ಎಲ್‌ಇಡಿ ಡ್ರೈವರ್ ಆನ್ ಆದ ಕ್ಷಣದಲ್ಲಿ ತನ್ನ ಮಾಮೂಲಿ ಕರೆಂಟಿನ ಎಷ್ಟೋ ಪಟ್ಟು ಎಳೆಯುತ್ತದೆ. ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಇರಬಹುದು. ಆದರೂ ಸಾಲಾಗಿ ಹತ್ತಿಪ್ಪತ್ತು ಡೌನ್‌ಲೈಟ್ ಒಂದೇ ರಿಲೇಗೆ ಸೇರಿದರೆ ಒಳಗಿನ ಕಾಂಟ್ಯಾಕ್ಟ್ ಬೆಸುಗೆ ಬಿದ್ದ ಹಾಗೆ ಅಂಟಿಕೊಳ್ಳುತ್ತದೆ. ಆಮೇಲೆ ಆ್ಯಪ್‌ನಲ್ಲಿ ಏನೇ ಒತ್ತಿದರೂ ಲೈಟು ಆರುವುದಿಲ್ಲ. ಮೋಟಾರ್ ಆದರೆ ಸಮಸ್ಯೆ ಬೇರೆ, ಆಫ್ ಮಾಡುವಾಗ ಕಿಡಿ ಹಾರಿ ಕಾಂಟ್ಯಾಕ್ಟ್ ಸವೆಯುತ್ತದೆ. ಪಂಪು, ನೀರು ಕಾಯಿಸುವ ಗೀಸರ್ ಇವನ್ನು ಪುಟ್ಟ ಸ್ಮಾರ್ಟ್ ರಿಲೇ ನೇರವಾಗಿ ಹೊರಬಾರದು. ಅದು ಒಂದು ಕಾಂಟ್ಯಾಕ್ಟರ್‌ನ ಎಳೆಯಲಿ, ಕಾಂಟ್ಯಾಕ್ಟರ್ ಲೋಡನ್ನು ಹೊರಲಿ. ಕಾರ್ಖಾನೆಯಲ್ಲಿ ಇದು ಅಪ್ರೆಂಟಿಸ್ ಹುಡುಗನಿಗೂ ಗೊತ್ತಿರುವ ಪಾಠ. ಮನೆಗಳಲ್ಲಿ ಮಾತ್ರ ಯಾಕೋ ಮರೆತುಹೋಗುತ್ತದೆ.

ಫ್ಯಾನಿಗೆ ಲೈಟಿನ ಡಿಮ್ಮರ್ ಹಾಕಬೇಡಿ, ಗುಂಯ್ ಅನ್ನುತ್ತದೆ, ಮೋಟಾರೂ ಬಿಸಿಯಾಗುತ್ತದೆ. ಅದಕ್ಕೆ ಫ್ಯಾನಿನದೇ ಕಂಟ್ರೋಲರ್ ಬೇಕು. ಲೈಟಿನ ಡಿಮ್ಮರ್‌ನಲ್ಲೂ ಎರಡು ಬಗೆ. ಲೀಡಿಂಗ್ ಎಡ್ಜ್ ತಂತಿ ಬಲ್ಬಿನ ಕಾಲದ್ದು. ಎಲ್‌ಇಡಿಗೆ ಬಹುತೇಕ ಟ್ರೇಲಿಂಗ್ ಎಡ್ಜ್ ಹೊಂದುತ್ತದೆ. ಬಲ್ಬಿನ ಡಬ್ಬಿಯ ಮೇಲೆ ಡಿಮ್ ಆಗುತ್ತದೆ ಅಂತ ಬರೆದಿದೆಯಾ ಅಂತ ನೋಡಿ. ಇಲ್ಲದಿದ್ದರೆ ಯಾವ ಡಿಮ್ಮರ್ ತಂದರೂ ಪ್ರಯೋಜನವಿಲ್ಲ.

ಈ ಕೆಲಸಗಳನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಕೊಡಿ. ವೀಡಿಯೊ ನೋಡಿ ಕಲಿಯಬಹುದಾದ ಕೆಲಸ ಇರಬಹುದು. ಆದರೆ ಸಡಿಲ ಟರ್ಮಿನಲ್ ಇದೆ ಅಂತ ವೀಡಿಯೊ ಬಂದು ನಿಮಗೆ ಹೇಳುವುದಿಲ್ಲ. ಎಷ್ಟೋ ಕಡೆ ಕಾನೂನೂ ಇದನ್ನೇ ಹೇಳುತ್ತದೆ.

ಯಾವ ಸಿಸ್ಟಮ್ ಯಾರ ಕೈಯಲ್ಲಿ

ಸಿಸ್ಟಮ್ ಆರಿಸುವಾಗ ಜನ ನೋಡುವುದು ಸ್ವಿಚ್‌ನ ಅಂದ, ಆ್ಯಪ್‌ನ ಬಣ್ಣ. ನಾನು ನೋಡುವುದು ಪ್ರೋಗ್ರಾಮ್ ಮಾಡುವ ಸಾಫ್ಟ್‌ವೇರ್ ಯಾರಿಗೆ ಸಿಗುತ್ತದೆ ಅಂತ.

ಒಂದು ತುದಿಯಲ್ಲಿ ಡೀಲರ್ ಮೂಲಕವೇ ಬರುವ ಸಿಸ್ಟಮ್‌ಗಳಿವೆ. ಕಂಟ್ರೋಲ್4, ಕ್ರೆಸ್ಟ್ರಾನ್, ಸವಾಂತ್ ಈ ಗುಂಪು. ಕೆಲಸ ಅಚ್ಚುಕಟ್ಟು, ಒಪ್ಪುತ್ತೇನೆ. ದೊಡ್ಡ ಮನೆ, ಕೋಣೆಕೋಣೆಗೂ ಆಡಿಯೊ-ವೀಡಿಯೊ, ಒಂದೇ ರಿಮೋಟ್ ಬೇಕು ಅನ್ನುವವರಿಗೆ ಇವು ಚೆನ್ನಾಗಿ ಒದಗುತ್ತವೆ. ಆದರೆ ಸಿಸ್ಟಮ್‌ನ ಪೂರ್ತಿ ಜೋಡಣೆ ಮಾಡುವ ಸಾಫ್ಟ್‌ವೇರ್ ಡೀಲರ್‌ಗಳ ಹತ್ತಿರ ಇರುತ್ತದೆ. ಉದಾಹರಣೆಗೆ ಕಂಟ್ರೋಲ್4ನ ಕಂಪೋಸರ್ ಪ್ರೊ. ಮನೆಯವರಿಗೆ ಸಣ್ಣಪುಟ್ಟ ಬದಲಾವಣೆಗೆ ಅವಕಾಶ ಕೊಡುತ್ತಾರೆ. ಎಷ್ಟರಮಟ್ಟಿಗೆ ಅನ್ನುವುದನ್ನು ಕೊಳ್ಳುವ ಮೊದಲೇ ಕೂತು ನೋಡಿ. ಲುಟ್ರಾನ್ ಕಂಪನಿಯದು ಇನ್ನೂ ಸ್ವಾರಸ್ಯಕರ. ಅವರ ಕಸೇಟಾ ಸರಣಿಯನ್ನು ಯಾರು ಬೇಕಾದರೂ ತಂದು ಫೋನಿನಿಂದ ಹೊಂದಿಸಬಹುದು. ಅವರದೇ ಹೋಮ್‌ವರ್ಕ್ಸ್‌ಗೆ ಮಾತ್ರ ತರಬೇತಿ ಪಡೆದ ಇನ್‌ಸ್ಟಾಲರ್ ಬೇಕೇ ಬೇಕು. ಒಂದೇ ಕಂಪನಿ, ಎರಡು ಬಾಗಿಲು.

ನಡುವೆ ನಿಲ್ಲುವುದು ಕೆಎನ್‌ಎಕ್ಸ್, ಮನೆಯ ಸಾಧನಗಳು ಒಂದಕ್ಕೊಂದು ಮಾತಾಡುವ ಒಂದು ಮುಕ್ತ ಮಾನದಂಡ. ಯುರೋಪಿನಲ್ಲಿ ಇಐಬಿ ಅಂತ ಶುರುವಾಗಿ, ಆಮೇಲೆ ಐಎಸ್‌ಒ ಮಾನದಂಡವೂ ಆದದ್ದು. ನೂರಾರು ಕಂಪನಿಗಳು ಇದರ ಸಾಧನ ಮಾಡುತ್ತವೆ, ಒಬ್ಬರ ಸ್ವಿಚ್ ಇನ್ನೊಬ್ಬರ ರಿಲೇ ಜೊತೆ ಮಾತಾಡುತ್ತದೆ. ಸ್ವಿಚ್‌ಗಳಿಗೆ ಹೋಗುವುದು ಸುಮಾರು 30 ವೋಲ್ಟ್‌ನ ಎರಡೆಳೆ ಬಸ್ ವೈರ್ (ಎಲ್ಲ ಸಾಧನಗಳೂ ಸುದ್ದಿ ಕಳಿಸುವ ಒಂದೇ ವೈರ್), ಸಾಮಾನ್ಯವಾಗಿ ಹಸಿರು ಬಣ್ಣದ್ದು. ವೇಗ ಸೆಕೆಂಡಿಗೆ 9600 ಬಿಟ್. ಇಂದಿನ ಲೆಕ್ಕದಲ್ಲಿ ಆಮೆ. ಲೈಟು ಹತ್ತಿಸಲು ಅಷ್ಟು ಸಾಕು. ಇದರಲ್ಲಿ ನನಗೆ ಇಷ್ಟವಾದದ್ದು, ಎಲ್ಲಕ್ಕೂ ಯಜಮಾನನಾದ ಒಂದು ಡಬ್ಬಿ ಇಲ್ಲ. ಪ್ರತಿ ಸಾಧನದಲ್ಲೂ ಅದರದೇ ಪ್ರೋಗ್ರಾಮ್. ಒಂದು ಸತ್ತರೆ ಅದೊಂದೇ ಸಾಯುತ್ತದೆ, ಬಸ್‌ನ ಪವರ್ ಸಪ್ಲೈ ಹೋದರೆ ಮಾತ್ರ ಎಲ್ಲವೂ ನಿಲ್ಲುತ್ತವೆ. ಇದನ್ನು ಹೊಂದಿಸುವ ಇಟಿಎಸ್ ಸಾಫ್ಟ್‌ವೇರನ್ನು ಯಾರು ಬೇಕಾದರೂ ಕೊಳ್ಳಬಹುದು. ಕಲಿಯಲು ತಾಳ್ಮೆ ಬೇಕು ಅನ್ನುವುದು ಬೇರೆ ಮಾತು.

ಆದರೆ ಇಲ್ಲೂ ಒಂದು ಬಲೆ ಇದೆ. ಮನೆಯ ಪೂರ್ತಿ ಲೆಕ್ಕ ಒಂದು ಪ್ರಾಜೆಕ್ಟ್ ಫೈಲ್‌ನಲ್ಲಿ ಇರುತ್ತದೆ. ಆ ಫೈಲ್ ಇಲ್ಲದೆ ಬರೀ ಸಾಧನಗಳನ್ನು ಓದಿ, ಯಾವುದು ಯಾವ ಕೋಣೆಯ ಲೈಟು ಅಂತ ಕಂಡುಹಿಡಿಯುವುದು ತಲೆನೋವಿನ ಕೆಲಸ, ಪೂರ್ತಿ ಸಿಗುವುದೂ ಇಲ್ಲ. ಸಾಲದ್ದಕ್ಕೆ ಬಿಸಿಯು ಕೀ ಅಂತ ಒಂದಿದೆ, ಸಾಧನಕ್ಕೇ ಹಾಕುವ ಪಾಸ್‌ವರ್ಡ್. ಇನ್‌ಸ್ಟಾಲರ್ ಅದನ್ನು ಹಾಕಿ, ಹೇಳದೆ ಹೋದರೆ ಆ ಸಾಧನವನ್ನು ಮತ್ತೆ ಪ್ರೋಗ್ರಾಮ್ ಮಾಡಲು ಬೇರೆಯವರಿಗೆ ಆಗುವುದಿಲ್ಲ. ತಯಾರಕರ ಹತ್ತಿರ ಓಡಬೇಕು, ಇಲ್ಲವೇ ಹೊಸದು ಕೊಳ್ಳಬೇಕು. ಮುಕ್ತ ಮಾನದಂಡದ ಸಿಸ್ಟಮ್‌ಗೂ ಹೀಗೆ ಬೀಗ ಬೀಳಬಹುದು.

ಇನ್ನೊಂದು ತುದಿಯಲ್ಲಿ ನಾವೇ ಮಾಡಿಕೊಳ್ಳುವ ದಾರಿ. ಹೋಮ್ ಅಸಿಸ್ಟೆಂಟ್ 2013ರಲ್ಲಿ ಪೌಲಸ್ ಸ್ಕೌಟ್ಸನ್ ಶುರುಮಾಡಿದ ಮುಕ್ತ ತಂತ್ರಾಂಶ. ಓಪನ್‌ಹ್ಯಾಬ್ ಅದಕ್ಕೂ ಹಳೆಯದು. ಪುಟ್ಟ ಕಂಪ್ಯೂಟರ್‌ನಲ್ಲಿ ಇದನ್ನು ಓಡಿಸಿ, ಜಿಗ್‌ಬೀ, ಜಿ-ವೇವ್ (ಎರಡೂ ವೈರ್ ಇಲ್ಲದೆ ಸಾಧನಗಳು ಮಾತಾಡುವ ಪದ್ಧತಿ), ಮ್ಯಾಟರ್ (ಬೇರೆ ಬೇರೆ ಕಂಪನಿಯ ಸಾಧನಗಳು ಒಟ್ಟಿಗೆ ನಡೆಯಲು ಮಾಡಿದ ಮಾನದಂಡ) ಸಾಧನಗಳನ್ನು ಜೋಡಿಸಿಕೊಳ್ಳಬಹುದು. ನನ್ನ ಮನೆಯಲ್ಲಿರುವುದು ಇದೇ, ಕೆಳಗೆ ಕೆಎನ್‌ಎಕ್ಸ್, ಮೇಲೆ ಹೋಮ್ ಅಸಿಸ್ಟೆಂಟ್. ಸ್ವಿಚ್ ಒತ್ತಿದರೆ ಲೈಟು ಹತ್ತುವ ಕೆಲಸ ಕೆಳಗಿನದು. ಹೊತ್ತು, ಬೆಳಕು, ಮನೆಯಲ್ಲಿ ಯಾರಿದ್ದಾರೆ ಅಂತ ನೋಡಿ ತೀರ್ಮಾನಿಸುವ ಕೆಲಸ ಮೇಲಿನದು. ಮೇಲಿನದು ಕೈಕೊಟ್ಟರೂ ಮನೆ ಕತ್ತಲಾಗುವುದಿಲ್ಲ.

ಸ್ವಂತವಾಗಿ ಮಾಡಿದ ತಕ್ಷಣ ಸ್ವಾತಂತ್ರ್ಯ ಸಿಕ್ಕಿತು ಅಂದುಕೊಳ್ಳಬೇಡಿ. ಅಂಗಡಿಯಿಂದ ತಂದು ನೀವೇ ಜೋಡಿಸಿದ ಹಬ್ ಕಂಪನಿಯ ಸರ್ವರ್ ಕೇಳಿ ನಡೆಯುವುದಾದರೆ, ನಿಮ್ಮ ಇನ್‌ಸ್ಟಾಲರ್ ದೂರದಲ್ಲಿದ್ದಾನೆ ಅಷ್ಟೇ. ರಿವಾಲ್ವ್ ಅನ್ನುವ ಹಬ್‌ನ ನೆಸ್ಟ್ ಕಂಪನಿ 2014ರಲ್ಲಿ ಕೊಂಡು 2016ರ ಮೇ ತಿಂಗಳಲ್ಲಿ ಪೂರ್ತಿ ಮುಚ್ಚಿತು. ಜನ ದುಡ್ಡು ಕೊಟ್ಟು ತಂದ ಡಬ್ಬಿ ಕೆಲಸಕ್ಕೆ ಬಾರದಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಸರ್ವರ್‌ಗಳು ಒಂದು ಮಾತೂ ಹೇಳದೆ ನಿಂತುಹೋದವು. ಸ್ವಿಚ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದ ಭಾಗ ನಡೆಯುತ್ತಲೇ ಇತ್ತು, ಆ್ಯಪ್ ಸತ್ತಿತ್ತು. ಜೂನ್‌ನಲ್ಲಿ ಅದರ ಬಳಕೆದಾರರದೇ ಒಂದು ಗುಂಪು ಅದನ್ನು ಕೊಂಡು ಮತ್ತೆ ಎಬ್ಬಿಸಿತು. ಎಲ್ಲರಿಗೂ ಅಂಥ ಅದೃಷ್ಟ ಇರುವುದಿಲ್ಲ, ಅಲ್ವಾ? 2022ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಟರ್ ಈ ವಿಷಯದಲ್ಲಿ ಸ್ವಲ್ಪ ಸಮಾಧಾನ ಕೊಡುತ್ತದೆ. ಅದರ ಮಾತುಕತೆ ಮನೆಯ ನೆಟ್‌ವರ್ಕ್ ಒಳಗೇ ನಡೆಯುತ್ತದೆ, ಒಂದೇ ಸಾಧನವನ್ನು ಎರಡು ಮೂರು ಸಿಸ್ಟಮ್‌ಗೆ ಸೇರಿಸಿಕೊಳ್ಳಲೂ ಬರುತ್ತದೆ.

ಅಂಗಡಿಯಲ್ಲೋ, ಇನ್‌ಸ್ಟಾಲರ್‌ನ ಶೋರೂಮಿನಲ್ಲೋ ಒಂದು ಪರೀಕ್ಷೆ ಮಾಡಿ. ಇಂಟರ್ನೆಟ್ ಕೇಬಲ್ ಕೀಳಲು ಹೇಳಿ. ಗೋಡೆಯ ಸ್ವಿಚ್ ಒತ್ತಿ. ಲೈಟು ಹತ್ತಿತಾ? ಈಗ ಹಬ್‌ನ ಪವರ್ ತೆಗೆಯಲು ಹೇಳಿ, ಮತ್ತೆ ಒತ್ತಿ. ಎರಡೂ ಸಲ ಹತ್ತಿದರೆ ಮುಂದಿನ ಮಾತು. ಸೋಫಾದಲ್ಲಿ ಕೂತು ಟ್ಯಾಬ್ಲೆಟ್‌ನಲ್ಲಿ ತೋರಿಸುವ ಡೆಮೊಗಿಂತ ಈ ಐದು ನಿಮಿಷ ಮೇಲು.

ಇನ್‌ಸ್ಟಾಲರ್ ಜೊತೆ ಮಾತು

ಕೆಲಸ ಒಪ್ಪಿಸುವ ಮೊದಲೇ ಹ್ಯಾಂಡ್‌ಓವರ್ ಬಗ್ಗೆ ಮಾತಾಡಿ, ಕಾಗದದಲ್ಲಿ ಬರೆಸಿ. ಕೊನೆಯ ಕಂತು ಕೊಡುವ ದಿನ ಕೇಳಿದರೆ ತಡ. ನಾನು ಬರೆಸಿದ್ದು ಇಷ್ಟು:

- ಪ್ರಾಜೆಕ್ಟ್ ಫೈಲ್‌ನ ಕೊನೆಯ ಪ್ರತಿ, ಅದರ ಪಾಸ್‌ವರ್ಡ್. ಕೀ ಹಾಕಿದ್ದರೆ ಆ ಕೀ.
- ಎಲ್ಲ ಖಾತೆಗಳೂ ಮನೆಯವರ ಇಮೇಲ್‌ನಲ್ಲಿ. ಇನ್‌ಸ್ಟಾಲರ್‌ನ ಇಮೇಲನ್ನು ಜೊತೆಗೆ ಸೇರಿಸಿಕೊಳ್ಳೋಣ, ಬೇಡ ಅನ್ನಿಸಿದಾಗ ತೆಗೆಯೋಣ.
- ರೌಟರ್, ಕ್ಯಾಮೆರಾ, ಹಬ್ ಎಲ್ಲದರ ಅಡ್ಮಿನ್ ಪಾಸ್‌ವರ್ಡ್.
- ಪ್ಯಾನಲ್ ಡ್ರಾಯಿಂಗ್. ಪ್ರತಿ ವೈರಿಗೂ ಎರಡೂ ತುದಿಯಲ್ಲಿ ನಂಬರ್ ಫೆರುಲ್ (ವೈರಿಗೆ ತೊಡಿಸುವ ನಂಬರಿನ ಉಂಗುರ). ಡ್ರಾಯಿಂಗ್‌ನಲ್ಲಿ ಇರುವ ನಂಬರೇ ವೈರಿನ ಮೇಲೂ ಇರಬೇಕು.
- ಮನೆಗೆ ಹೋಗಿ ಕೆಲವು ವಾರ ಬಾಳಿದ ಮೇಲೆ ಇನ್ನೊಂದು ಸುತ್ತಿನ ಹೊಂದಾಣಿಕೆ.

ಕೊನೆಯದನ್ನು ಜನ ಬಿಟ್ಟುಬಿಡುತ್ತಾರೆ. ಖಾಲಿ ಮನೆಯಲ್ಲಿ ನಿಂತು ಮಾಡಿದ ಸೆಟ್ಟಿಂಗ್, ಜನ ಓಡಾಡುವ ಮನೆಗೆ ಸರಿಹೊಂದುವುದಿಲ್ಲ. ಯಾವ ಸ್ವಿಚ್‌ಗೆ ಕೈ ತಾನಾಗಿ ಹೋಗುತ್ತದೆ ಅನ್ನುವುದು ಬಾಳಿದ ಮೇಲಷ್ಟೇ ಗೊತ್ತಾಗುವುದು.

ಈ ಪಟ್ಟಿ ಮುಂದಿಟ್ಟಾಗ ಎದುರಿಗಿದ್ದವರ ಮುಖ ನೋಡಿ. ಒಳ್ಳೆಯ ಇನ್‌ಸ್ಟಾಲರ್‌ಗೆ ಇದು ನಿರಾಳ. ಪ್ರತಿ ಸಣ್ಣ ಬದಲಾವಣೆಗೂ ಓಡಿಬರುವುದು ಅವರಿಗೂ ಬೇಡವಾದ ಕೆಲಸ. ನನ್ನ ಮನೆಗೆ ಮೊದಲು ಬಂದವರು ‘ಫೈಲ್ ಕೊಡುವ ಪದ್ಧತಿ ಇಲ್ಲ ಮೇಡಂ, ಏನಾದರೂ ಆದರೆ ನಾವಿದ್ದೀವಲ್ಲ’ ಅಂದರು. ನಮಸ್ಕಾರ ಹೇಳಿ ಕಳಿಸಿದೆ. ಎರಡನೆಯವರು ‘ಫೈಲ್ ಕೊಡ್ತೀನಿ ಮೇಡಂ. ಆದರೆ ನೀವು ಬದಲಿಸಿದ ಮೇಲೆ ಕೆಟ್ಟರೆ ವಾರಂಟಿಯಲ್ಲಿ ಬರಲ್ಲ’ ಅಂದರು. ಇದು ನ್ಯಾಯವಾದ ಮಾತು. ಅವರು ಕೊಟ್ಟ ಫೈಲನ್ನು ಮುಟ್ಟದೆ ಇಟ್ಟು, ನಾನು ಬದಲಿಸುವುದನ್ನೆಲ್ಲ ಅದರ ನಕಲಿನಲ್ಲಿ ಮಾಡುವುದು ಅಂತ ಮಾತಾಯಿತು. ಏನಾದರೂ ಗಲಿಬಿಲಿಯಾದರೆ ಅವರ ಫೈಲನ್ನೇ ಮತ್ತೆ ಇಳಿಸಿ ನೋಡಬಹುದು.

ಇನ್ನೊಂದು ಪ್ರಶ್ನೆ ಕೇಳಿ: ‘ನೀವು ಈ ಕೆಲಸ ಬಿಟ್ಟರೆ ನನ್ನ ಮನೆಯನ್ನು ಯಾರು ನೋಡಿಕೊಳ್ಳಬಹುದು?’ ಮುಜುಗರದ ಪ್ರಶ್ನೆಯೇ. ಆದರೆ ಬೇರೆಯವರ ಹೆಸರು ಧೈರ್ಯವಾಗಿ ಹೇಳುವವರು ತಮ್ಮ ಕೆಲಸವನ್ನು ಇನ್ನೊಬ್ಬರು ತೆರೆದು ನೋಡಿದರೂ ಅಳುಕದವರು. ಸಾಧ್ಯವಾದರೆ ಅವರ ಹಳೇ ಗಿರಾಕಿಯ ಮನೆಗೆ ಹೋಗಿ, ಡಿಬಿ (ಕರೆಂಟು ಹಂಚುವ ಪೆಟ್ಟಿಗೆ) ಬಾಗಿಲು ತೆಗೆಸಿ ನೋಡಿ. ವೈರ್‌ಗಳು ಹೇಗೆ ಕೂತಿವೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ನಿಮ್ಮ ಪಾಲಿನ ಕೆಲಸ

ಇನ್ನು ನಿಮ್ಮ ಕೈಗೆ ಬಂದದ್ದು. ಒಂದೇ ಕೋಣೆಯಿಂದ ಶುರುಮಾಡಿ. ಮಲಗುವ ಕೋಣೆ ಬೇಡ, ಅರ್ಧರಾತ್ರಿ ಲೈಟು ಹತ್ತಿದರೆ ಮನೆಯವರು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಹಜಾರ ಅಥವಾ ಮೆಟ್ಟಿಲು ಸರಿ.

ಹೋಮ್ ಅಸಿಸ್ಟೆಂಟ್ ಓಡಿಸುವ ಕಂಪ್ಯೂಟರ್‌ಗೆ ಮೆಮೊರಿ ಕಾರ್ಡ್ ಬೇಡ, ಎಸ್‌ಎಸ್‌ಡಿ ಹಾಕಿ. ಅದು ಹಗಲೂ ರಾತ್ರಿ ಬರೆಯುತ್ತಲೇ ಇರುತ್ತದೆ, ಕಾರ್ಡ್ ಬೇಗ ಸವೆಯುತ್ತದೆ. ಅದಕ್ಕೂ ರೌಟರ್‌ಗೂ ಸೇರಿ ಒಂದು ಸಣ್ಣ ಯುಪಿಎಸ್ ಇರಲಿ. ಬ್ಯಾಕಪ್ ತಾನಾಗಿ ಆಗುವ ಹಾಗೆ ಇಡಿ, ಅದೂ ಬೇರೆ ಜಾಗಕ್ಕೆ. ಬ್ಯಾಕಪ್ ಇದ್ದರೆ ಸಾಲದು, ಒಮ್ಮೆ ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ಎಬ್ಬಿಸಿ ನೋಡಿರಬೇಕು. ಹೋಮ್ ಅಸಿಸ್ಟೆಂಟ್‌ನ ಹೊಸ ಆವೃತ್ತಿ ಪ್ರತಿ ತಿಂಗಳೂ ಬರುತ್ತದೆ. ಬಂದ ದಿನವೇ ಹಾಕುವ ಚಪಲ ಬೇಡ. ಏನು ಬದಲಾಗಿದೆ ಅಂತ ಓದಿ, ಕೆಲವು ದಿನ ಬಿಟ್ಟು ಹಾಕಿ. ನೆಂಟರು ಬರುವ ಹಿಂದಿನ ದಿನವಂತೂ ಮುಟ್ಟಲೇಬೇಡಿ.

ಜಿಗ್‌ಬೀ ಹಾಕುವುದಾದರೆ ಗಾಳಿಯಲ್ಲಿ ಏನು ನಡೆಯುತ್ತಿದೆ ಅಂತ ಸ್ವಲ್ಪ ತಿಳಿದಿರಬೇಕು. ಅದೂ 2.4 ಗಿಗಾಹರ್ಟ್ಸ್, ವೈ-ಫೈ ಕೂಡ ಅಲ್ಲೇ. ಜಿಗ್‌ಬೀಗೆ 11ರಿಂದ 26ರವರೆಗೆ ಚಾನಲ್‌ಗಳಿವೆ. ಹೆಸರು ಒಂದೇ ಆದರೂ ಇವು ವೈ-ಫೈ ಚಾನಲ್‌ಗಳಲ್ಲ. ವೈ-ಫೈ 1, 6, 11ರಲ್ಲಿ ಕೂತಿದ್ದರೆ ಜಿಗ್‌ಬೀಯ 15, 20, 25 ಸಂದಿಯಲ್ಲಿ ಸಿಗುತ್ತವೆ. ಮೊದಲೇ ಆರಿಸಿ. ಆಮೇಲೆ ಚಾನಲ್ ಬದಲಿಸಿದರೆ ಕೆಲವು ಸಾಧನಗಳನ್ನು ಮತ್ತೆ ಒಂದೊಂದಾಗಿ ಜೋಡಿಸಬೇಕಾಗುತ್ತದೆ. ಜಿಗ್‌ಬೀ ಡಾಂಗಲನ್ನು (ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ರೇಡಿಯೊ) ಯುಎಸ್‌ಬಿ 3 ಕಿಂಡಿಗೆ ನೇರವಾಗಿ ಚುಚ್ಚಬೇಡಿ. ಆ ಕಿಂಡಿಯಿಂದ ಹೊಮ್ಮುವ ಗದ್ದಲ ಇದೇ 2.4 ಗಿಗಾಹರ್ಟ್ಸ್ ಮೇಲೆ ಬೀಳುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಬರೆದಿದೆ. ಒಂದು ಉದ್ದನೆಯ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ದೂರ ಇಟ್ಟರೆ, ‘ಸೆನ್ಸರ್ ಆಗಾಗ ಕಳೆದುಹೋಗುತ್ತದೆ’ ಅನ್ನುವ ದೂರು ಎಷ್ಟೋ ಕಡೆ ಅಲ್ಲಿಗೇ ಮುಗಿಯುತ್ತದೆ. ಮೊದಲು ಕರೆಂಟಿನ ಮೇಲೆ ನಡೆಯುವ ಪ್ಲಗ್, ರಿಲೇಗಳನ್ನು ಜೋಡಿಸಿ, ಸಾಮಾನ್ಯವಾಗಿ ಅವೇ ಸುದ್ದಿ ದಾಟಿಸುವುದು. ಬ್ಯಾಟರಿ ಸೆನ್ಸರ್‌ಗಳು ಆಮೇಲೆ.

ಹೆಸರಿಡುವಾಗ ಒಂದು ಕ್ರಮ ಹಿಡಿಯಿರಿ: ಕೋಣೆ, ಸಾಧನ, ಜಾಗ. ‘ಹಾಲ್ ಲೈಟ್ ಕಿಟಕಿ’, ‘ಹಾಲ್ ಲೈಟ್ ಬಾಗಿಲು’. ‘ಹೊಸ ಬಲ್ಬ್ 2’ ಅಂತ ಇಟ್ಟರೆ ಆರು ತಿಂಗಳ ಮೇಲೆ ನಿಮಗೇ ತಿಳಿಯುವುದಿಲ್ಲ.

ನಿಯಮ ಬರೆಯುವಾಗ ಮನುಷ್ಯರ ಕೈಗೆ ಮೊದಲ ಮರ್ಯಾದೆ. ಯಾರಾದರೂ ಸ್ವಿಚ್ ಒತ್ತಿ ಲೈಟು ಆರಿಸಿದರೆ, ಸೆನ್ಸರ್ ತಕ್ಷಣ ಅದನ್ನು ಮತ್ತೆ ಹತ್ತಿಸಬಾರದು. ಅವರು ಬೇಕಂತಲೇ ಆರಿಸಿದ್ದಾರೆ. ಕೋಣೆ ಖಾಲಿಯಾಗುವವರೆಗೆ ಸುಮ್ಮನಿರಲಿ. ಪಿಐಆರ್ ಸೆನ್ಸರ್ ನೋಡುವುದು ಮೈಶಾಖದ ಚಲನೆ, ಅಲುಗದೆ ಓದುತ್ತಾ ಕೂತವರು ಅದಕ್ಕೆ ಕಾಣುವುದಿಲ್ಲ. ಮೆಟ್ಟಿಲಿಗೆ, ಹಜಾರಕ್ಕೆ ಅದು ಚೆನ್ನ. ಓದುವ ಕೋಣೆಗೆ ಎಂಎಂವೇವ್ ರೇಡಾರ್ ಸೆನ್ಸರ್ ಬೇಕು, ಉಸಿರಾಟದ ಅಲುಗಾಟವನ್ನೂ ಅದು ಹಿಡಿಯುತ್ತದೆ. ಹಿಡಿಯುವುದು ಜಾಸ್ತಿಯೇ, ಫ್ಯಾನ್ ಗಾಳಿಗೆ ಆಡುವ ಪರದೆಯನ್ನೂ ಮನುಷ್ಯ ಅಂದುಕೊಳ್ಳಬಹುದು. ಎರಡನ್ನೂ ಸೇರಿಸಿ: ಹತ್ತಿಸಲು ಪಿಐಆರ್, ಹತ್ತಿದ್ದನ್ನು ಹಿಡಿದಿಡಲು ರೇಡಾರ್.

ಸ್ಮಾರ್ಟ್ ಬಲ್ಬ್ ಬಗ್ಗೆ ಒಂದು ಮಾತು. ಗೋಡೆಯ ಸ್ವಿಚ್ ಆರಿಸಿದರೆ ಅದಕ್ಕೆ ಕರೆಂಟೇ ಇಲ್ಲ, ಎಷ್ಟು ಸ್ಮಾರ್ಟ್ ಆದರೇನು? ‘ಸ್ವಿಚ್ ಮುಟ್ಟಬೇಡಿ’ ಅಂತ ಚೀಟಿ ಅಂಟಿಸಿದ ಮನೆಗಳನ್ನು ನೋಡಿದ್ದೇನೆ. ಬಣ್ಣದ ಬೆಳಕು ಬೇಕಾದ ಒಂದೆರಡು ದೀಪಕ್ಕೆ ಸರಿ, ಉಳಿದ ಕಡೆ ಸ್ವಿಚ್‌ನ ಹಿಂದೆ ರಿಲೇ ಹಾಕಿ.

ಕ್ಯಾಮೆರಾ, ಟಿವಿ, ಅಗ್ಗದ ವೈ-ಫೈ ಪ್ಲಗ್‌ಗಳನ್ನು ಬೇರೆ ನೆಟ್‌ವರ್ಕ್‌ನಲ್ಲಿ ಇಡಿ. ರೌಟರ್‌ನ ಗೆಸ್ಟ್ ನೆಟ್‌ವರ್ಕ್ ಆದರೂ ಸರಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೌಟರ್‌ಗಳನ್ನೇ ಹಿಡಿದು 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನು ಮಲಗಿಸಿತು. ಹೊರಗಿನಿಂದ ಮನೆ ನೋಡಬೇಕಾದರೆ ರೌಟರ್‌ನಲ್ಲಿ ಪೋರ್ಟ್ (ಹೊರಗಿನವರು ಒಳಬರಬಹುದಾದ ಕಿಂಡಿ) ತೆರೆಯಬೇಡಿ, ವಿಪಿಎನ್ (ನಿಮಗೆ ಮಾತ್ರ ತೆರೆಯುವ ಗುಪ್ತ ಸಂಪರ್ಕ) ಬಳಸಿ.

ಯಾವಾಗ ಪೂರ್ತಿ ಇನ್‌ಸ್ಟಾಲರ್‌ಗೇ ಕೊಡಬೇಕು

ಇದೆಲ್ಲ ಓದಿ ಆಕಳಿಕೆ ಬಂದಿದ್ದರೆ ತಪ್ಪೇನಿಲ್ಲ, ನೀವು ಇನ್‌ಸ್ಟಾಲರ್‌ಗೇ ಕೊಡಿ. ತಿಂಗಳ ಅರ್ಧದಷ್ಟು ದಿನ ಊರಲ್ಲಿ ಇರದವರೂ ಕೊಡಿ. ಹೊಗೆ, ಗ್ಯಾಸ್ ಸೋರಿಕೆ ಎಚ್ಚರಿಕೆಯಂಥವು ಸ್ವತಂತ್ರವಾಗಿ ನಡೆಯಲಿ. ಅವುಗಳಿಂದ ಆಟೊಮೇಷನ್‌ಗೆ ಸುದ್ದಿ ಬಂದರೆ ಸಾಕು. ನೀವು ಬರೆದ ನಿಯಮದ ಮೇಲೆ ಅವು ನಿಲ್ಲಬಾರದು. ಮುಂಬಾಗಿಲ ಬೀಗ ಯಾವುದೇ ಆದರೂ ಮಾಮೂಲಿ ಕೀಲಿ ಹೋಗುವ ತೂತು ಇರಲಿ.

ಪೂರ್ತಿ ಕೊಟ್ಟರೂ ಮೇಲಿನ ಪಟ್ಟಿ ಬಿಡಬೇಡಿ. ಫೈಲ್ ತೆರೆಯಲು ನಿಮಗೆ ಬರದಿದ್ದರೂ, ಮುಂದೆ ಬರುವವರಿಗೆ ಅದು ಬೇಕು.

ತಾವೇ ಮಾಡಿಕೊಳ್ಳುವವರಿಗೂ ಇದೇ ಮಾತು ತಿರುಗಿ ಬರುತ್ತದೆ. ಮನೆಯಲ್ಲಿ ಒಬ್ಬರಿಗೆ ಮಾತ್ರ ಎಲ್ಲ ಗೊತ್ತು, ಪಾಸ್‌ವರ್ಡ್ ಅವರ ತಲೆಯಲ್ಲಿ, ಅವರು ಪ್ರವಾಸದಲ್ಲಿ. ಹಬ್ ಕೈಕೊಟ್ಟಿದೆ. ಮನೆಯ ಉಳಿದವರಿಗೆ ನೀವೇ ಆ ಫೈಲ್ ಕೊಡದ ಇನ್‌ಸ್ಟಾಲರ್ ಆದಿರಲ್ಲ? ಡಿಬಿ ಬಾಗಿಲ ಒಳಮೈಗೆ ಒಂದು ಹಾಳೆ ಅಂಟಿಸಿ. ಯಾವ ಡಬ್ಬಿ ಏನು, ಯಾವುದನ್ನು ಆಫ್ ಮಾಡಿ ಆನ್ ಮಾಡಬಹುದು, ಎಲ್ಲ ಬಿಟ್ಟು ಬರೀ ಸ್ವಿಚ್‌ನಲ್ಲಿ ಮನೆ ನಡೆಸುವುದು ಹೇಗೆ, ಯಾರಿಗೆ ಫೋನ್ ಮಾಡಬೇಕು. ಪಾಸ್‌ವರ್ಡ್‌ಗಳು ಬೇರೆ ಲಕೋಟೆಯಲ್ಲಿ, ಮನೆಯ ಕಾಗದಪತ್ರದ ಜೊತೆ. ನೀವು ಮನೆಯಲ್ಲಿ ಇರುವಾಗಲೇ ಒಮ್ಮೆ ಹಬ್ ಆಫ್ ಮಾಡಿ, ಆ ಹಾಳೆ ನೋಡಿ ಬೇರೊಬ್ಬರು ಅದನ್ನು ಎಬ್ಬಿಸುತ್ತಾರಾ ನೋಡಿ. ಮಧ್ಯೆ ಬಾಯಿ ಹಾಕಬೇಡಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ ಬರೆಯಿರಿ.

ಮನೆ ಮಾರುವ ಅಥವಾ ಬಾಡಿಗೆಗೆ ಕೊಡುವ ಸಂದರ್ಭ ಬಂದರೆ, ಗೋಡೆಯೊಳಗಿನ ರಿಲೇ, ಬಸ್ ಸಾಧನಗಳು, ಡ್ರಾಯಿಂಗ್, ಪ್ರಾಜೆಕ್ಟ್ ಫೈಲ್ ಮನೆಯ ಜೊತೆ ಹೋಗಲಿ. ನಿಮ್ಮ ಹಬ್ ಕಂಪ್ಯೂಟರ್ ನಿಮ್ಮ ಜೊತೆ ಬರಲಿ, ಅದರಲ್ಲಿ ನಿಮ್ಮ ಓಡಾಟದ ದಾಖಲೆಯೇ ಇರುತ್ತದೆ. ಬಿಟ್ಟುಹೋಗುವ ಪ್ರತಿ ಸಾಧನವನ್ನೂ ನಿಮ್ಮ ಖಾತೆಯಿಂದ ತೆಗೆದು ಫ್ಯಾಕ್ಟರಿ ರಿಸೆಟ್ ಮಾಡಿ. ಬೀಗದ ಕೋಡ್‌ಗಳನ್ನು ಅಳಿಸಿ. ಇನ್‌ಸ್ಟಾಲರ್‌ಗೆ ದೂರದಿಂದ ಪ್ರವೇಶ ಕೊಟ್ಟಿದ್ದರೆ ಅದನ್ನೂ ಮುಚ್ಚಿ, ಮನೆಗೆ ಬರುವ ಹೊಸಬರ ನಂಬರನ್ನು ಇನ್‌ಸ್ಟಾಲರ್‌ಗೆ ಕೊಡಿ.